ಅಜ್ಜಾರ ನಾಟಕಗಳ ಮಟ್ಟು ಯಾರ ಹತ್ತಿರ ಇವೆ?

ಸಂಪಾದಕರಿಗೆ ನಮಸ್ಕಾರ.

ಪುಟ್ಟರಾಜ ಗವಾಯಿಗಳ ಪುಣ್ಯತಿಥಿಗೆ ನಿಮ್ಮ ಪತ್ರಿಕೆ ಇಡೀ ಒಂದು ಪುಟ ಕೊಟ್ಟಿತ್ತು. ಖುಷಿಯಾಯಿತು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ್ದು, ಕೂಸಿದ್ದಾಗಲೇ ಕಣ್ಣು ಹೋದದ್ದು, ಗುರು ಪಂಚಾಕ್ಷರಿ ಗವಾಯಿಗಳು ಕೈ ಹಿಡಿದದ್ದು, ತುಲಾಭಾರ, ಪದ್ಮಭೂಷಣ ಎಲ್ಲ ಬಂದಿತ್ತು. ನಾನು ಕನ್ನಡಕ ಹಾಕಿಕೊಂಡು ‘ನಾಟಕ’ ಅನ್ನೋ ಶಬ್ದ ಹುಡುಕಿದೆ. ಒಂದೇ ಕಡೆ ಸಿಕ್ಕಿತು. ಅದೂ ‘ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ’ ಅನ್ನೋದರಲ್ಲಿ!

ಪುಟ್ಟರಾಜ ಗವಾಯಿಗಳು, ಅಂದರೆ ನಮ್ಮ ಪುಟ್ಟಯ್ಯಜ್ಜಾರು, ನಾಟಕ ಬರೆದವರು, ಆಡಿಸಿದವರು, ಹಾಡಿಗೆ ಮಟ್ಟು, ಅಂದರೆ ಧಾಟಿ, ಹಾಕಿದವರು. ‘ಶಿವಯೋಗಿ ಸಿದ್ಧರಾಮ’ ಅವರೇ ಬರೆದದ್ದು. 1944ರಲ್ಲಿ ಗುರುಗಳು ಹೋದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಇವರ ಹೆಗಲಿಗೆ ಬಿತ್ತು. ಕಣ್ಣಿಲ್ಲದ ಮಕ್ಕಳು, ತಂದೆ ತಾಯಿ ಇಲ್ಲದ ಮಕ್ಕಳು, ಎಲ್ಲರಿಗೂ ಎರಡು ಹೊತ್ತು ಊಟ ಆಗಬೇಕಲ್ವಾ? ಆಶ್ರಮದ ನಾಟಕ ಕಂಪನಿ ಊರೂರು ಕ್ಯಾಂಪ್ ಮಾಡಿ ದುಡಿದದ್ದು ಆ ಒಲೆಗೇ ಹೋಯಿತು. ಸಂತರ ಫೋಟೋ ಪಕ್ಕ ತಗಡಿನ ಥೇಟರು, ಟಿಕೀಟಿನ ಕಿಂಡಿ ಚೆನ್ನಾಗಿ ಕಾಣೋದಿಲ್ಲ ಅಂತ ಬಿಟ್ಟಿರೋ ಏನೋ.

ನನ್ನ ಅಪ್ಪ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವರು. ಆಶ್ರಮದ ಕಂಪನಿಯವರಲ್ಲ, ಬೇರೆ ಬೇರೆ ಕಂಪನಿಗಳಲ್ಲಿ ಸುಮಾರು ಮೂವತ್ತು ವರ್ಷ ಸ್ಟೇಜಿನ ಮುಂದೆ ಕೂತು ನುಡಿಸಿದವರು. ಜನ ನಟನನ್ನು ನೋಡುತ್ತಾರೆ, ಪೇಟಿಯವನನ್ನು ಯಾರೂ ನೋಡೋದಿಲ್ಲ. ಆದರೆ ಮಾತು ಹಾಡಾಗೋ ಆ ಒಂದು ಗಳಿಗೆ ಇರುತ್ತದಲ್ಲ, ಅದು ಪೇಟಿಯವನದು. ನಟ ಇನ್ನೂ ಮಾತಾಡುತ್ತಿರುವಾಗಲೇ ಸಣ್ಣಗೆ ಸ್ವರ ಹಿಡಿಯಬೇಕು. ಕೊನೆಯ ಶಬ್ದ ಮಾತಾಗಿ ಹೊರಟು ಹಾಡಾಗಿ ಇಳಿಯಬೇಕು. ನಟನಿಗೆ ಗಂಟಲು ಕಟ್ಟಿದ ದಿನ ಅಪ್ಪ ಯಾರನ್ನೂ ಕೇಳದೆ ಶ್ರುತಿಯನ್ನು ಒಂದು ಪಟ್ಟಿ ಇಳಿಸಿಬಿಡುತ್ತಿದ್ದರು. ಕಣ್ಣಿಲ್ಲದವರು ನಾಟಕ ಹೇಗೆ ಕಲಿಸುತ್ತಾರೆ ಅಂತ ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ‘ನಾಟಕ ಕೆಡೋದು ಮೊದಲು ಕಿವಿಗೇ ಗೊತ್ತಾಗ್ತದ, ಹುಚ್ಚಿ’ ಅಂದರು.

ಗದಗಿಗೆ ಈ ವಿದ್ಯೆ ಹೊಸದಲ್ಲ. ಮರಾಠಿ ನಾಟಕದ ಅಬ್ಬರ ಇದ್ದಾಗ ಇಲ್ಲಿ ಕನ್ನಡ ಮಂಡಳಿ ಕಟ್ಟಿದ ಶಾಂತಕವಿಗಳು ಹಾವೇರಿ ಸೀಮೆಯ ಸಾತೇನಹಳ್ಳಿಯವರು. ಆಮೇಲೆ ಗರೂಡ ಸದಾಶಿವರಾಯರು ಬಂದರು. ತಾವೇ ಬರೆದು ತಾವೇ ಬಣ್ಣ ಹಚ್ಚಿದವರು, ದತ್ತಾತ್ರೇಯ ನಾಟಕ ಮಂಡಳಿಯವರು. ಧಾರವಾಡದ ಮಲ್ಲಿಕಾರ್ಜುನ ಮನಸೂರರೂ ಹುಡುಗರಿದ್ದಾಗ ನಾಟಕದಲ್ಲಿ ಹಾಡಿದವರೇ. ಗಾಯಕರ ಸಂಗೀತ ಉಳಿಯಿತು, ರೆಕಾರ್ಡುಗಳಿವೆ. ನಾಟಕದ ಹಾಡುಗಳ ಗತಿ?

ಅಪ್ಪನ ಟ್ರಂಕಿನಲ್ಲಿ ಹಾಡು ಬರೆದಿಟ್ಟ ಏಳು ವಹಿ (ನೋಟ್‌ಬುಕ್ಕು)ಗಳಿದ್ದವು, ಈಗ ಆರು. ಒಂದು ವಹಿ ತೆಗೆದರೆ ಹಾಡಿನ ಮೇಲೆ ನೇರಳೆ ಪೆನ್ಸಿಲಿನಲ್ಲಿ ‘ಭೀಮಪಲಾಸ, ಕಾಳಿ ಎರಡು’ ಅಂತಿದೆ, ಅಂದರೆ ರಾಗ ಮತ್ತು ಶ್ರುತಿ, ಪೇಟಿಯ ಎರಡನೇ ಕರಿ ಪಟ್ಟಿ. ಕೆಳಗೆ ಎಣ್ಣೆ ಬೆರಳಿನ ಗುರುತು, ರಾತ್ರಿ ಭಜಿ ತಿಂದ ಕೈ ಇರಬೇಕು. ಇನ್ನೊಂದು ಹಾಡಿನ ಮೇಲೆ ‘ಧಾಟಿ: ಮೊದಲಿನದೇ’ ಅಂತಿದೆ. ಮೊದಲಿನ ಹಾಳೆ ಹರಿದು ಹೋಗಿದೆ. ಅಕ್ಷರ ಎಲ್ಲ ಇವೆ, ಒಂದೂ ಅಳಿಸಿಲ್ಲ, ಆದರೆ ಹಾಡು ಸತ್ತಿದೆ. ಎರಡು ವರ್ಷ ಒದ್ದಾಡಿದೆ. ಸುಮ್ನೆ ಯಾವುದೋ ರಾಗಕ್ಕೆ ಹೊಂದಿಸಿ ಹಾಡಬಹುದು. ಅದು ಆ ಹಾಡಲ್ಲ.

ಏಳನೇ ವಹಿಯ ಕಥೆ ಇಷ್ಟೇ. ಒಂಬತ್ತು ವರ್ಷದ ಹಿಂದೆ ಒಬ್ಬರು ಸಂಶೋಧನೆಗೆ ಅಂತ ಬಂದರು. ‘ಅಕ್ಕಾರ, ಝೆರಾಕ್ಸ್ ಮಾಡಿಸಿ ಒಂದು ವಾರದಾಗ ಕೊಡ್ತೀನ್ರಿ’ ಅಂದರು. ಆ ವಾರ ಇನ್ನೂ ಮುಗಿದಿಲ್ಲ.

ಒಬ್ಬ ಪೇಟಿ ಮಾಸ್ತರನ ವಹಿಗೇ ಈ ಗತಿ ಆದರೆ ಅಜ್ಜಾರ ನಾಟಕಗಳದ್ದು ಏನಾಗಿದೆಯೋ. ಪುಸ್ತಕ ಸಿಕ್ಕೀತು. ಆದರೆ ಯಾವ ಹಾಡು ಹೇಗೆ ಶುರುವಾಗುತ್ತಿತ್ತು, ಜನ ಎಲ್ಲಿ ‘ವನ್ಸ್ ಮೋರ್’ ಅನ್ನುತ್ತಿದ್ದರು ಅನ್ನೋದು ಪುಸ್ತಕದಲ್ಲಿ ಇರೋದಿಲ್ಲ. ಅದು ಆ ಕಂಪನಿಯಲ್ಲಿ ಬಣ್ಣ ಹಚ್ಚಿದವರ, ಪೇಟಿ ತಬಲಾ ನುಡಿಸಿದವರ ಗಂಟಲಲ್ಲಿ, ಬೆರಳಲ್ಲಿ ಇದೆ. ಅವರಿಗೆ ಈಗ ವಯಸ್ಸು ಜಾಸ್ತಿಯಾಗಿದೆ. ಮುಂದಿನ ಪುಣ್ಯತಿಥಿಗೆ ಇನ್ನೊಂದು ಹೊಗಳಿಕೆಯ ಪುಟ ಬೇಡ. ಅದರ ಬದಲು ‘ಅಜ್ಜಾರ ನಾಟಕದ ಹಾಡು ಬಲ್ಲವರು ತಿಳಿಸಿ’ ಅಂತ ಈಗಲೇ ನಾಲ್ಕು ಸಾಲು ಹಾಕಿ. ಗದಗ, ಹಾವೇರಿ, ಹುಬ್ಬಳ್ಳಿ ಕಡೆ ಯಾರಾದರೂ ಇದ್ದೇ ಇರುತ್ತಾರೆ. ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೂ ಸಾಕು.

ಅಪ್ಪನ ವಹಿ ನೋಡಬೇಕು ಅನ್ನೋರು ನಮ್ಮ ಮನೆಗೂ ಬರಬಹುದು. ನನಗೆ ಬರುವ ಮಟ್ಟುಗಳನ್ನು ನಾನೇ ಹಾಡಿ ತೋರಿಸುತ್ತೇನೆ, ದನಿ ಒಡೆದಿದ್ದರೂ ಸ್ವರ ಬಿಡೋದಿಲ್ಲ. ಚಹಾ ಕೊಡುತ್ತೇನೆ. ಫೋಟೋ ಎಷ್ಟು ಬೇಕಾದರೂ ಹೊಡೆದುಕೊಳ್ಳಲಿ. ವಹಿ ಮಾತ್ರ ಹೊಸ್ತಿಲು ದಾಟೋದಿಲ್ಲ.

– ಪೇಟಿ ಮಾಸ್ತರರ ಮಗಳು, ನಿವೃತ್ತ ಶಿಕ್ಷಕಿ, ಬೆಟಗೇರಿ