ನಮ್ಮ ಕಂಪೈಲರ್‌ನ ಲೈಸೆನ್ಸ್ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈವರೆಗೆ ಸಾರ್ವಜನಿಕ ಸ್ವತ್ತಾಗಿ, ಅಂದರೆ ಯಾರ ಹಕ್ಕುಸ್ವಾಮ್ಯವೂ ಇಲ್ಲದೆ, ಹೊರಬರುತ್ತಿದ್ದ ನಮ್ಮ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ), ಮುಂದಿನ ಪ್ರಮುಖ ಆವೃತ್ತಿಯಿಂದ ಅಪಾಚೆ 2.0 ಲೈಸೆನ್ಸ್ ಮತ್ತು ಅದಕ್ಕೆ ಜೋಡಿಸಿದ ಎಲ್‌ಎಲ್‌ವಿಎಂ ವಿನಾಯಿತಿಯ (ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ರೂಪಿಸಿದ್ದು) ಅಡಿಯಲ್ಲಿ ಬಿಡುಗಡೆಯಾಗಲಿದೆ. ಸೋರ್ಸ್ ಕೋಡ್ ಎಂದಿನಂತೆ ಮುಕ್ತವಾಗಿಯೇ ಇರುತ್ತದೆ. ಅದನ್ನು ತಿದ್ದಲು, ಹಂಚಲು, ನಿಮ್ಮ ಸ್ವಂತ ಉತ್ಪನ್ನದೊಳಗೆ ಸೇರಿಸಿ ಮಾರಲು ನಮ್ಮ ಅನುಮತಿ ಕೇಳಬೇಕಾಗಿಲ್ಲ, ಶುಲ್ಕವನ್ನೂ ಕೊಡಬೇಕಾಗಿಲ್ಲ.

ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇವೆ ಎಂಬ ಒಂದೇ ಸಾಲಿನ ಘೋಷಣೆಯ ಸರಳತೆ ನಮಗೆ ಇಂದಿಗೂ ಪ್ರಿಯವಾದದ್ದೇ. ಆದರೆ ಆ ಸಾಲು ಎಲ್ಲ ದೇಶಗಳಲ್ಲೂ ಒಂದೇ ರೀತಿ ಊರ್ಜಿತವಾಗುವುದಿಲ್ಲ. ಉದಾಹರಣೆಗೆ, ಜರ್ಮನಿಯ ಕಾನೂನಿನಲ್ಲಿ ಕರ್ತೃವು ತನ್ನ ಹಕ್ಕುಸ್ವಾಮ್ಯವನ್ನು ಪೂರ್ತಿಯಾಗಿ ತ್ಯಜಿಸಲು ಅವಕಾಶವಿಲ್ಲ; ಬಳಕೆಯ ಅನುಮತಿಯನ್ನು ಮಾತ್ರ ಕೊಡಬಹುದು. ಎಸ್‌ಕ್ಯೂಎಲ್‌ಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಇಂದಿಗೂ ಸಾರ್ವಜನಿಕ ಸ್ವತ್ತಾಗಿಯೇ ಉಳಿದಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ನಿಜ, ಆದರೆ ಹೊರಗಿನವರ ಕೋಡ್ ಸೇರಿಸಿಕೊಳ್ಳುವುದರಲ್ಲಿ ಅದರ ತಂಡ ಬಹಳ ಬಿಗಿಯಾಗಿದೆ, ಮತ್ತು ಲೈಸೆನ್ಸ್ ಪತ್ರ ಬೇಕೇ ಬೇಕೆನ್ನುವ ಕಂಪನಿಗಳಿಗಾಗಿ ಹಕ್ಕಿನ ಖಾತರಿಪತ್ರವೊಂದನ್ನು ಪ್ರತ್ಯೇಕವಾಗಿ ಮಾರುತ್ತದೆ. ನಮ್ಮ ಕಂಪೈಲರ್ ಬೆಳೆದಿರುವುದೇ ನೀವು ಮತ್ತು ಇತರರು ಕಳಿಸುವ ಪ್ಯಾಚ್‌ಗಳಿಂದ (ಕೋಡ್ ತಿದ್ದುಪಡಿಗಳಿಂದ). ಆ ಬಾಗಿಲನ್ನು ಮುಚ್ಚುವುದಕ್ಕಿಂತ, ಎಲ್ಲೆಡೆ ಅರ್ಥವಾಗುವ ಲೈಸೆನ್ಸ್‌ಗೆ ಬದಲಾಗುವುದೇ ಸರಿ ಎಂದು ನಿರ್ಧರಿಸಿದ್ದೇವೆ.

ಹಕ್ಕುಗಳನ್ನು ಬಿಟ್ಟುಕೊಡಲೆಂದೇ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ ಸಿಸಿ0 ಪತ್ರವನ್ನು ಬಳಸುವ ಆಲೋಚನೆಯೂ ಇತ್ತು. ಹಕ್ಕುತ್ಯಾಗ ಊರ್ಜಿತವಾಗದ ಕಡೆ ತಾನೇ ಲೈಸೆನ್ಸ್ ಆಗಿ ನಿಲ್ಲುವ ಏರ್ಪಾಡು ಅದರಲ್ಲಿದೆ. ಆದರೆ ಪೇಟೆಂಟ್ ಹಕ್ಕುಗಳನ್ನು ಬಿಟ್ಟುಕೊಡುವುದಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2022ರಲ್ಲಿ ಲಿನಕ್ಸ್ ಆವೃತ್ತಿಯೊಂದನ್ನು ಹೊರತರುವ ಫೆಡೋರಾ ಯೋಜನೆಯು ಹೊಸ ಕೋಡ್‌ಗೆ ಸಿಸಿ0 ಒಪ್ಪುವುದನ್ನು ನಿಲ್ಲಿಸಿದ್ದು ಈ ಕಾರಣಕ್ಕೇ. ಕೋಡ್ ಉತ್ತಮಗೊಳಿಸುವ ವಿಧಾನಗಳಿಗೆ ಪೇಟೆಂಟ್ ಪಡೆಯುವವರಿರುವಾಗ ಕಂಪೈಲರ್ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಅಪಾಚೆ 2.0 ಅಡಿಯಲ್ಲಿ ಪ್ರತಿಯೊಬ್ಬ ಕೊಡುಗೆದಾರನೂ ತನ್ನ ಕೊಡುಗೆಗೆ ತಗಲುವ ಪೇಟೆಂಟ್‌ಗಳ ಬಳಕೆಗೆ ನಿಮಗೆ ಅನುಮತಿ ಕೊಟ್ಟಂತಾಗುತ್ತದೆ.

ಹಾಗಾದರೆ ವಿನಾಯಿತಿ ಏಕೆ ಬೇಕು? ಹೆಚ್ಚಿನ ತಂತ್ರಾಂಶಗಳಿಗಿಲ್ಲದ ಒಂದು ಗುಣ ಕಂಪೈಲರ್‌ಗಿದೆ: ಅದರ ಕೋಡ್‌ನ ಒಂದಂಶ ನಿಮ್ಮ ಉತ್ಪನ್ನದೊಳಗೇ ಸೇರಿಕೊಳ್ಳುತ್ತದೆ. 64 ಬಿಟ್ ಸಂಖ್ಯೆಗಳನ್ನು ಭಾಗಿಸುವ ಸೂಚನೆಯೇ ಇಲ್ಲದ 32 ಬಿಟ್ ಪ್ರೊಸೆಸರ್‌ಗೆ ನೀವು ಪ್ರೋಗ್ರಾಂ ಬರೆದಿದ್ದೀರಿ ಎಂದುಕೊಳ್ಳಿ. ನೀವು ಒಂದು ಸಾಲಿನಲ್ಲಿ ಭಾಗಾಕಾರ ಬರೆದರೆ, ಕಂಪೈಲರ್ ಅಲ್ಲಿ ನಮ್ಮ ರನ್‌ಟೈಮ್ ಲೈಬ್ರರಿಯ (ಪ್ರೋಗ್ರಾಂ ಓಡುವಾಗ ಬೇಕಾಗುವ ಸಿದ್ಧ ಕೋಡ್‌ನ ಸಂಗ್ರಹ) ಫಂಕ್ಷನ್ ಒಂದನ್ನು ಕರೆಯುತ್ತದೆ. ನಾವು ಬರೆದ ಆ ಫಂಕ್ಷನ್ ಲಿಂಕ್ ಆಗಿ, ನೀವು ಮಾರುವ ಪ್ರತಿ ಸಾಧನದ ಫರ್ಮ್‌ವೇರ್‌ನಲ್ಲೂ (ಸಾಧನದೊಳಗೇ ಅಳವಡಿಸಿದ ತಂತ್ರಾಂಶದಲ್ಲೂ) ಇರುತ್ತದೆ. ಬರೀ ಅಪಾಚೆ ಲೈಸೆನ್ಸ್ ಇದ್ದಿದ್ದರೆ ಅಷ್ಟಕ್ಕಾಗಿ ಲೈಸೆನ್ಸ್ ಪ್ರತಿಯನ್ನು ಸಾಧನದೊಂದಿಗೆ ಕೊಡುವ ಹೊಣೆ ನಿಮ್ಮ ಮೇಲೆ ಬೀಳುತ್ತಿತ್ತು. ಎಂಐಟಿ ಎಂಬ ಇನ್ನೊಂದು ಮುಕ್ತ ಲೈಸೆನ್ಸ್ ಕೂಡ ಕೋಡ್‌ನ ಗಣನೀಯ ಭಾಗಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಉಳಿಸಿಕೊಳ್ಳಿ ಎನ್ನುವುದರಿಂದ, ಎಷ್ಟು ಭಾಗ ಗಣನೀಯ ಎಂಬ ವಾದಕ್ಕೆ ಎಡೆಯಿರುತ್ತಿತ್ತು. ಕಂಪೈಲ್ ಮಾಡುವಾಗ ಹೀಗೆ ಸೇರಿದ ಭಾಗಗಳಿಗೆ ಆ ಷರತ್ತುಗಳನ್ನು ಎಲ್‌ಎಲ್‌ವಿಎಂ ವಿನಾಯಿತಿ ತೆಗೆದುಹಾಕುತ್ತದೆ. ಹಂಚುವವರು ಸೋರ್ಸ್ ಕೋಡ್ ಅನ್ನೂ ಅದೇ ಲೈಸೆನ್ಸ್ ಅಡಿಯಲ್ಲಿ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸ್‌ನ ಜಿಸಿಸಿ ಎಂಬ ಕಂಪೈಲರ್‌ಗೂ ರನ್‌ಟೈಮ್ ಲೈಬ್ರರಿಗೆಂದೇ ಪ್ರತ್ಯೇಕ ವಿನಾಯಿತಿಯಿದೆ ಎಂಬುದನ್ನು ನೋಡಿದರೆ, ಈ ತೊಡಕು ನಮ್ಮೊಬ್ಬರದ್ದಲ್ಲ ಎಂದು ತಿಳಿಯುತ್ತದೆ.

ಆದ್ದರಿಂದ ನಮ್ಮ ಕಂಪೈಲರ್ ಬಳಸಿ ತಯಾರಿಸಿದ ಪ್ರೋಗ್ರಾಂಗಳನ್ನಷ್ಟೇ ಮಾರುವವರು ಹೊಸದಾಗಿ ಏನೂ ಮಾಡಬೇಕಾಗಿಲ್ಲ. ಕಂಪೈಲರ್ ಅನ್ನೇ ತಮ್ಮ ಅಭಿವೃದ್ಧಿ ಕಿಟ್‌ನಲ್ಲಿ ಸೇರಿಸಿ ಕೊಡುವವರು ಮಾತ್ರ ಲೈಸೆನ್ಸ್ ಕಡತವನ್ನು ಜೊತೆಗಿಡಬೇಕು, ಮತ್ತು ತಿದ್ದಿದ ಕಡತಗಳಲ್ಲಿ ತಿದ್ದಲಾಗಿದೆ ಎಂದು ನಮೂದಿಸಬೇಕು.

ಈಗಾಗಲೇ ಬಿಡುಗಡೆಯಾದ ಆವೃತ್ತಿಗಳು ಸಾರ್ವಜನಿಕ ಸ್ವತ್ತಾಗಿಯೇ ಉಳಿಯುತ್ತವೆ. ಕೊಟ್ಟದ್ದನ್ನು ಹಿಂಪಡೆಯುವ ಉದ್ದೇಶ ನಮಗಿಲ್ಲ. ಹಳೆಯ ಆವೃತ್ತಿಯಲ್ಲೇ ಮುಂದುವರಿಯಲು ಬಯಸುವವರಿಗಾಗಿ ಅದನ್ನು ಡೌನ್‌ಲೋಡ್ ಪುಟದಲ್ಲಿ ಹಾಗೆಯೇ ಇಡುತ್ತೇವೆ. ಬೆಂಬಲ ಒಪ್ಪಂದಗಳ ಷರತ್ತುಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ನಿಮ್ಮ ಕಾನೂನು ವಿಭಾಗಕ್ಕೆ ಪ್ರಶ್ನೆಗಳಿದ್ದರೆ, ಬೆಂಬಲಕ್ಕಾಗಿ ನೀವು ಈಗ ಬಳಸುತ್ತಿರುವ ವಿಳಾಸಕ್ಕೇ ಬರೆಯುವಂತೆ ತಿಳಿಸಿ. ಪ್ರತಿಯೊಂದಕ್ಕೂ ಲಿಖಿತವಾಗಿ ಉತ್ತರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಂಪೈಲರ್ ತಂಡದ ಪರವಾಗಿ