ಖುಲಾಸೆಯ ಆದೇಶ ಕೈಗೆ ಬಂದ ಮೇಲೆ

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಜೆ.ಎಂ.ಎಫ್‌.ಸಿ. (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಲಯವು ನನ್ನನ್ನೂ ನಮ್ಮ ಸಹಕಾರ ಸಂಘದ ಅಟೆಂಡರನ್ನೂ ಎಲ್ಲ ಆರೋಪಗಳಿಂದ ಖುಲಾಸೆಗೊಳಿಸಿತು. ದೃಢೀಕೃತ ನಕಲು ಕೈಗೆ ಬರುವವರೆಗೆ ಏನನ್ನೂ ಬರೆಯುವುದಿಲ್ಲವೆಂದು ನಿರ್ಧರಿಸಿದ್ದೆ. ಅದು ಈಗ ಬಂದಿರುವುದರಿಂದ, ಈ ಆರು ವರ್ಷಗಳಲ್ಲಿ ನನ್ನ ಜೊತೆ ನಿಂತವರಿಗೆ ಸಾರ್ವಜನಿಕವಾಗಿಯೇ ಕೃತಜ್ಞತೆ ಹೇಳಬೇಕೆಂದು ಈ ಬರಹ. ಆರೋಪ ಬಂದದ್ದು ಊರಿಗೆಲ್ಲ ಗೊತ್ತಾಗುವಂತೆ, ಹಾಗಾಗಿ ಕೃತಜ್ಞತೆಯೂ ಹಾಗೆಯೇ ಇರಲಿ.

ತಿಳಿಯದವರಿಗಾಗಿ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. 2018ರಲ್ಲಿ ರಾಜ್ಯ ಸರ್ಕಾರವು ಸಹಕಾರ ಸಂಘಗಳ ಬೆಳೆ ಸಾಲವನ್ನು 1 ಲಕ್ಷ ರೂಪಾಯಿಯವರೆಗೆ ಮನ್ನಾ ಮಾಡುವುದಾಗಿ ಘೋಷಿಸಿದ ಮೇಲೆ ಸಾಲದ ಪಟ್ಟಿಗಳ ಪರಿಶೀಲನೆ ನಡೆಯಿತು. ಆಗ ನಮ್ಮ ಸಂಘದಲ್ಲಿ, ತಾವು ಪಡೆದೇ ಇಲ್ಲದ ಸಾಲ ತಮ್ಮ ಹೆಸರಿನಲ್ಲಿದೆ ಎಂದು ಕೆಲವು ರೈತರು ದೂರಿದರು. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ ನಡೆದು, 38 ಓಚರುಗಳಲ್ಲಿ 11 ಲಕ್ಷದ 40 ಸಾವಿರ ರೂಪಾಯಿ ದುರುಪಯೋಗವಾಗಿದೆ ಎಂಬ ವರದಿ ಬಂತು. ಲೆಕ್ಕಿಗನಾಗಿದ್ದ ನನ್ನನ್ನು ಅಮಾನತಿನಲ್ಲಿಟ್ಟು, ಭಾರತೀಯ ದಂಡ ಸಂಹಿತೆಯ 409, 420, 468 ಮತ್ತು 471ನೇ ಕಲಮುಗಳಡಿ ದೂರು ದಾಖಲಿಸಿದರು. ಇವುಗಳಲ್ಲಿ, ನಂಬಿ ವಹಿಸಿದ ಹಣದ ದುರುಪಯೋಗಕ್ಕೆ ಸಂಬಂಧಿಸಿದ 409 ಎಂಬ ಅಂಕಿಯ ತೂಕ ನನಗೆ ಆ ದಿನ ತಿಳಿದಿರಲಿಲ್ಲ. ಅದರಡಿ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದೆಂದು ಓದಿದ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆತುರದಲ್ಲಿ ನಾನು ಮೊದಲು ಕಂಡ ವಕೀಲರೊಬ್ಬರು ಕಾಗದವನ್ನು ತೆರೆದೂ ನೋಡದೆ, "ಮೂರು ಲಕ್ಷ ಕೊಡಿ, ಚಾರ್ಜ್‌ಶೀಟಿನಲ್ಲಿ ನಿಮ್ಮ ಹೆಸರೇ ಇರದಂತೆ ನೋಡಿಕೊಳ್ಳುತ್ತೇನೆ" ಎಂದಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬಂತೆ ಆ ಮಾತಿಗೆ ನಾನು ಬಹುತೇಕ ಒಪ್ಪಿದ್ದೆ. ತಡೆದವರು ನಮ್ಮ ತಂದೆಯವರ ಗೆಳೆಯರಾದ, ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರು. ಅವರು ಯಾವ ವಕೀಲರ ಹೆಸರನ್ನೂ ಸೂಚಿಸಲಿಲ್ಲ. "ಕೋರ್ಟ್ ಹಾಲಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಮಾರಾಯ, ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂತು ಪಾಟೀಸವಾಲು ಯಾರು ಹೇಗೆ ಮಾಡುತ್ತಾರೆ ನೋಡು, ಆಮೇಲೆ ವಕಾಲತ್ತಿಗೆ ಸಹಿ ಹಾಕು" ಎಂದರು. ಆ ಎರಡು ದಿನಗಳಲ್ಲಿ ದೊಡ್ಡ ದನಿಯವರನ್ನು ಹಲವರನ್ನು ಕಂಡೆ. ಎರಡನೆಯ ದಿನ ಮಧ್ಯಾಹ್ನ ಒಬ್ಬ ಮೇಡಂ ಎದ್ದು, ಕೈಯಲ್ಲಿದ್ದ ಹೇಳಿಕೆಯ ಪ್ರತಿಯನ್ನೊಮ್ಮೆ ನೋಡಿ, ಸಾಕ್ಷಿಗೆ ನಾಲ್ಕೇ ಪ್ರಶ್ನೆ ಕೇಳಿ ಕುಳಿತರು. ಸಾಕ್ಷಿ ಕಟಕಟೆಯಿಂದ ಇಳಿಯುವಾಗ ಬೆವರು ಒರೆಸಿಕೊಳ್ಳುತ್ತಿದ್ದ. ಅಂದು ಸಂಜೆಯೇ ಅವರ ಕಚೇರಿಗೆ ಹೋದೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದೆಂಬ ವಕೀಲರ ಪರಿಷತ್ತಿನ ನಿಯಮವನ್ನು ನೆನಪಿಸಿ, ಕೃತಜ್ಞತೆಯ ನೆಪದಲ್ಲೂ ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಅವರೇ ತಾಕೀತು ಮಾಡಿದ್ದಾರೆ.

ಮೇಡಂ ಅವರಿಗೆ ನನ್ನ ಮೊದಲ ಕೃತಜ್ಞತೆ, ಅವರು ಆಡದ ಮಾತಿಗಾಗಿ. ಗೆಲ್ಲಿಸುತ್ತೇನೆಂದು ಅವರು ಒಮ್ಮೆಯೂ ಹೇಳಲಿಲ್ಲ. ಫಲಿತಾಂಶಕ್ಕೆ ತಕ್ಕಂತೆ ಶುಲ್ಕ ನಿಗದಿ ಮಾಡುವುದು ವಕೀಲಿ ವೃತ್ತಿಯಲ್ಲಿ ನಿಷಿದ್ಧವೆಂದು ತಿಳಿಸಿ, ಜಾಮೀನಿಗೆ ಇಷ್ಟು, ವಿಚಾರಣೆಗೆ ಇಷ್ಟು ಎಂದು ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೊಟ್ಟರು. ಲೆಕ್ಕ ಬರೆದೇ ಬದುಕಿದ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿದ್ದು ಆ ರಸೀದಿ ಪುಸ್ತಕದಿಂದ ಎಂದರೆ ಯಾರೂ ನಗಬಾರದು.

ಅವರನ್ನು ಕಂಡ ಮರುದಿನವೇ ಠಾಣೆಯಿಂದ, "ಸುಮ್ಮನೆ ಒಮ್ಮೆ ಬಂದು ಹೋಗಿ" ಎಂದು ಕರೆ ಬಂತು. ತಪ್ಪು ಮಾಡದವನಿಗೆ ಭಯವೇಕೆ, ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟು ಬರೋಣವೆಂದು ನಾನು ಅಂಗಿ ಹಾಕಿಕೊಂಡು ಹೊರಟಿದ್ದೆ. ಅವರು ಫೋನಿನಲ್ಲೇ ತಡೆದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬುದನ್ನೂ, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆಂಬುದನ್ನೂ, ಇಷ್ಟದ ವಕೀಲರ ಸಲಹೆ ಪಡೆಯುವ ಹಕ್ಕು ಬಂಧಿತನಿಗೂ ಇದೆ ಎಂದು 22ನೇ ವಿಧಿ ಹೇಳುತ್ತದೆಂಬುದನ್ನೂ ನಾನು ಅವರಿಂದಲೇ ತಿಳಿದೆ. ಜಿಲ್ಲಾ ಸತ್ರ ನ್ಯಾಯಾಲಯದಿಂದ ನಿರೀಕ್ಷಣಾ ಜಾಮೀನು ಪಡೆದ ನಂತರವೇ, ಅವರ ಕಿರಿಯ ವಕೀಲರ ಜೊತೆಯಲ್ಲಿ ನಾನು ತನಿಖಾಧಿಕಾರಿಯ ಮುಂದೆ ಹಾಜರಾದೆ. ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು, ಅಲ್ಲಿ ನನ್ನನ್ನು ಯಾರೂ ಅಗೌರವದಿಂದ ಕಾಣಲಿಲ್ಲ.

ದೋಷಾರೋಪಣ ಪಟ್ಟಿಯ ಪ್ರತಿ ಕೈಗೆ ಸಿಕ್ಕ ಮೇಲೆ ಅವರು ಮಾಡಿದ ಕೆಲಸ ಹೊರಗಿನವರ ಕಣ್ಣಿಗೆ ಕಾಣುವಂಥದ್ದಲ್ಲ. ಮೂರು ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ದಿನವಹಿ, ನಗದು ಪುಸ್ತಕ, ಓಚರುಗಳನ್ನು ಹಾಳೆ ಹಾಳೆಯಾಗಿ ಓದಿಸಿದರು. ಮಾದರಿ ಸಹಿಗಳನ್ನು ಪೊಲೀಸರು ನನ್ನಿಂದ ಮತ್ತು ಅಟೆಂಡರನಿಂದ ಮಾತ್ರ ಪಡೆದು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದ್ದರೆಂಬುದನ್ನು, ಅವು ಓಚರಿನ ಸಹಿಗಳಿಗೆ ಹೊಂದುತ್ತವೆಂದು ಅಲ್ಲಿಯ ವರದಿ ಹೇಳಿಲ್ಲವೆಂಬುದನ್ನು ಅವರು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದರು. ಕೋವಿಡ್ ಕಾಲದಲ್ಲಿ ಮುದ್ದತ್ತುಗಳು, ಅಂದರೆ ವಿಚಾರಣೆಯ ದಿನಾಂಕಗಳು, ಒಂದರ ಹಿಂದೆ ಒಂದು ಮುಂದೆ ಹೋಗುತ್ತಿದ್ದಾಗಲೂ ಆ ಪೆನ್ಸಿಲ್ ಗುರುತುಗಳನ್ನು ಅವರು ಮರೆತಿರಲಿಲ್ಲ.

ವಿಚಾರಣಾ ವರದಿ ಬರೆದ ಅಧಿಕಾರಿಯ ಪಾಟೀಸವಾಲು ನನಗೆ ಇಂದಿಗೂ ಅಕ್ಷರಶಃ ನೆನಪಿದೆ.

"ನಗದು ಒಂದನೇ ಆರೋಪಿಯ ವಶದಲ್ಲಿತ್ತು ಎಂದಿದ್ದೀರಿ. ವಶಕ್ಕೆ ಕೊಟ್ಟ ಆದೇಶ ಅಥವಾ ಆಡಳಿತ ಮಂಡಳಿಯ ಠರಾವು ಕಡತದಲ್ಲಿದೆಯೇ?"

"ಇಲ್ಲ."

"ತಿಜೋರಿಗೆ ಎಷ್ಟು ಕೀಲಿ?"

"ಎರಡು."

"ಅವುಗಳಲ್ಲಿ ಒಂದಾದರೂ ಲೆಕ್ಕಿಗರ ಬಳಿ ಇತ್ತೆಂದು ಕೀಲಿ ವಹಿಯಲ್ಲಿ ನಮೂದಾಗಿದೆಯೇ?"

"ಆಗಿಲ್ಲ."

"ಅಷ್ಟೇ ಸ್ವಾಮಿ" ಎಂದು ಕುಳಿತುಬಿಟ್ಟರು. ಹಾಗಾದರೆ ಕೀಲಿ ಯಾರ ಬಳಿ ಇತ್ತೆಂದು ಕೇಳಿ ಎಂದು ನಾನು ಹಿಂದಿನಿಂದ ಕಿರಿಯ ವಕೀಲರಿಗೆ ಸನ್ನೆ ಮಾಡುತ್ತಲೇ ಇದ್ದೆ. ಅವರು ತಿರುಗಿಯೂ ನೋಡಲಿಲ್ಲ. ಹೊರಗೆ ಬಂದ ಮೇಲೆ ಮೇಡಂ, "409 ನಿಲ್ಲಬೇಕಾದರೆ ಹಣ ನಿಮ್ಮ ವಶಕ್ಕೆ ವಹಿಸಲಾಗಿತ್ತೆಂದು ಮೊದಲು ರುಜುವಾಗಬೇಕು. ಹಣ ಯಾರು ತೆಗೆದರೆಂದು ತೋರಿಸುವುದು ನಮ್ಮ ಹೊಣೆಯಲ್ಲ" ಎಂದರು. ತೀರ್ಪಿನಲ್ಲಿ ನ್ಯಾಯಾಧೀಶರು ಈ ವಹಿಸುವಿಕೆಯ ಅಂಶವನ್ನೇ ವಿವರವಾಗಿ ಚರ್ಚಿಸಿ, ಅಭಿಯೋಜನೆಯು ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸಿಲ್ಲ ಎಂದಿದ್ದಾರೆ. "ಸಂಶಯದ ಲಾಭದಲ್ಲಿ ಪಾರಾದ" ಎನ್ನುವವರು ಊರಿನಲ್ಲಿ ಈಗಲೂ ಇದ್ದಾರೆ, ಅವರೊಡನೆ ನಾನು ವಾದಕ್ಕಿಳಿಯುವುದಿಲ್ಲ.

ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ನ್ಯಾಯಾಧೀಶರು ನನ್ನನ್ನೇ ಪ್ರಶ್ನಿಸುವ ದಿನ ಹತ್ತಿರ ಬಂದಾಗ, ನನ್ನ ಇಡೀ ಸೇವಾ ಜೀವನವನ್ನು ವಿವರಿಸುವ 11 ಪುಟಗಳ ಹೇಳಿಕೆಯನ್ನು ನಾನು ಸಿದ್ಧಪಡಿಸಿದ್ದೆ. ಮೇಡಂ ಅದನ್ನು ಪೂರ್ತಿ ಓದಿ, ಮಡಚಿ ನನ್ನ ಕೈಗೆ ಕೊಟ್ಟು, ಒಂದೂಕಾಲು ಪುಟದ ಲಿಖಿತ ಹೇಳಿಕೆಯನ್ನು ತಾವೇ ಬರೆಸಿದರು. ಆ ದಿನ ಬೇಸರವಾಗಿತ್ತು, ಸುಳ್ಳು ಹೇಳಲಾರೆ.

ಎರಡನೇ ಆರೋಪಿಯಾಗಿದ್ದ ಅಟೆಂಡರನ ಪರವಾಗಿ ವಾದಿಸಿದ ವಕೀಲರಿಗೂ ನಾನು ಋಣಿ. ಆತ ಬಂಧನಕ್ಕೊಳಗಾಗಿ 9 ದಿನ ಸೆರೆಯಲ್ಲಿದ್ದಾಗ ಆತನಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತವಾಗಿ ವಕೀಲರು ದೊರೆತರು. ಬಂಧನದಲ್ಲಿರುವ ಯಾರೇ ಆಗಲಿ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಈ ನೆರವಿಗೆ ಅರ್ಹರು. ಪುಕ್ಕಟೆ ವಕೀಲರು ಏನು ಮಾಡಿಯಾರು ಎಂದು ನಾನೇ ಅಂದಿದ್ದೆ. ಆದರೆ ಆ ಯುವ ವಕೀಲರು ಒಂದು ಮುದ್ದತ್ತಿಗೂ ತಪ್ಪಲಿಲ್ಲ. ಓಚರುಗಳ ಮೇಲಿನ ದಿನಾಂಕಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿ, ಅವುಗಳಲ್ಲಿ 6 ದಿನ ಅಟೆಂಡರ್ ರಜೆಯಲ್ಲಿದ್ದನೆಂದು ಪತ್ತೆ ಮಾಡಿದ್ದು ಅವರೇ. ಅವರ ಕುರಿತು ನಾನಾಡಿದ ಹಗುರ ಮಾತಿಗೆ ಇಲ್ಲಿ ಕ್ಷಮೆ ಕೋರುತ್ತೇನೆ.

ಅಮಾನತಿನ ದಿನಗಳಲ್ಲಿ ತಮ್ಮ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೊಟ್ಟು, ಹಣ ತಿಂದವನೆಂಬ ಅಪವಾದ ಹೊತ್ತವನ ಕೈಗೆ ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಕೀಲಿ ಕೊಟ್ಟ ಸಾಹುಕಾರರಿಗೆ ವಂದನೆಗಳು. ಬಳೆ ಒತ್ತೆಯಿಟ್ಟು ಶುಲ್ಕ ಹೊಂದಿಸಿದ ನನ್ನ ಹೆಂಡತಿಗೆ ಹೀಗೆ ಸಾರ್ವಜನಿಕವಾಗಿ ವಂದನೆ ಹೇಳಿದರೆ ಸಿಟ್ಟು ಬರುತ್ತದೆ, ಆದ್ದರಿಂದ ಅದು ಮನೆಯೊಳಗೇ ಇರಲಿ.

ಕೊನೆಯದಾಗಿ ನೆರೆಮನೆಯ ಅಣ್ಣನಿಗೆ. ಜಾಮೀನಿಗೆ ಶ್ಯೂರಿಟಿ ಬೇಕೆಂದಾಗ ರಕ್ತಸಂಬಂಧಿಗಳೇ ಹಿಂದೆ ಮುಂದೆ ನೋಡಿದರು. ಅಣ್ಣ ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ತಮ್ಮ ಎರಡು ಎಕರೆ ತೋಟದ ಪಹಣಿಯನ್ನು ತಂದುಕೊಟ್ಟರು. ಖುಲಾಸೆಯಾದ ಮೇಲೂ, ಮೇಲ್ಮನವಿಯಾದರೆ ಹಾಜರಾಗುತ್ತೇನೆಂದು 6 ತಿಂಗಳ ಅವಧಿಗೆ ಶ್ಯೂರಿಟಿಯೊಡನೆ ಮುಚ್ಚಳಿಕೆ ಬರೆದುಕೊಡಬೇಕೆಂಬುದು ನನಗಾಗಲಿ ಅವರಿಗಾಗಲಿ ಗೊತ್ತಿರಲಿಲ್ಲ. ಸಂಕೋಚದಿಂದಲೇ ಫೋನ್ ಮಾಡಿದೆ. ತೋಟಕ್ಕೆ ಔಷಧಿ ಹೊಡೆಯುವ ಆಳುಗಳನ್ನು ಅಲ್ಲಿಯೇ ಬಿಟ್ಟು, ಹೊಸ ಪಹಣಿ ತೆಗೆಸಿಕೊಂಡು, ಮಧ್ಯಾಹ್ನದ ಕಲಾಪ ಆರಂಭವಾಗುವ ಮೊದಲೇ ಅವರು ನ್ಯಾಯಾಲಯದ ಮೆಟ್ಟಿಲ ಬಳಿ ಬಂದು ನಿಂತಿದ್ದರು.