ಪಿತ್ತನಾಳದ ಸ್ಟೆಂಟ್ ತೆಗೆಸುವ ದಿನವನ್ನು ನೆನಪಿಸುವವರು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ

ನಮಸ್ಕಾರಗಳು.

ನಮ್ಮ ತಂದೆಯವರ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಾಗ ಆಸ್ಪತ್ರೆಯೊಂದರಲ್ಲಿ ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿ, ಪಿತ್ತ ಹರಿಯಲೆಂದು ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಹಾಕಿದರು. ಕಾಮಾಲೆ ಇಳಿಯಿತು, ಊಟ ಸೇರತೊಡಗಿತು. ಸ್ಟೆಂಟ್ ಎಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಹೃದಯದ್ದು. ಅದನ್ನು ಒಮ್ಮೆ ಹಾಕಿದರೆ ತೆಗೆಯುವ ಮಾತಿಲ್ಲ. ಇದೂ ಹಾಗೆಯೇ ಎಂದುಕೊಂಡೆವು. ಆರು ವಾರಕ್ಕೆ ತೆಗೆಸಬೇಕೆಂದು ಇಂಗ್ಲಿಷಿನಲ್ಲಿ ಬರೆದಿದ್ದ ಡಿಸ್ಚಾರ್ಜ್ ಕಾಗದ, ರೇಷನ್ ಕಾರ್ಡಿನೊಂದಿಗೆ ಪ್ಲಾಸ್ಟಿಕ್ ಕವರಿನಲ್ಲಿ ಹದಿನಾಲ್ಕು ತಿಂಗಳು ಬಿದ್ದಿತ್ತು. ಏಪ್ರಿಲ್‌ನ ಸೆಕೆಯ ಒಂದು ರಾತ್ರಿ ಮೂರು ಕಂಬಳಿ ಹೊದಿಸಿದರೂ ಅವರ ನಡುಕ ನಿಲ್ಲಲಿಲ್ಲ. ಕಣ್ಣು ಹಳದಿಯಾದದ್ದನ್ನು ಕಂಡು ಮನೆಯ ಹಿರಿಯರು ನೆಲನೆಲ್ಲಿ ಅರೆದು ಕೊಟ್ಟರು. ಎರಡು ದಿನ ಅದರಲ್ಲೇ ಕಳೆಯಿತು. ಕೊನೆಗೆ ಹೊರತೆಗೆದ ಸ್ಟೆಂಟ್‌ನ ಒಳಗೆಲ್ಲ ಕಪ್ಪು ಕೆಸರು ಕಟ್ಟಿಕೊಂಡಿತ್ತು, ಹೊರಮೈಯಲ್ಲಿ ಕಲ್ಲು ಬೆಳೆದಿತ್ತು.

ಪ್ಲಾಸ್ಟಿಕ್ ಸ್ಟೆಂಟ್‌ನ ಒಳಮೈಯಲ್ಲಿ ಬ್ಯಾಕ್ಟೀರಿಯಾ ಪದರಗಟ್ಟುವುದರಿಂದ ಅದು ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. 3 ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು ಎನ್ನುವುದು ಅದಕ್ಕೇ. ತಡವಾದರೆ ಪಿತ್ತನಾಳದಲ್ಲಿ ಕೀವುಗಟ್ಟಿ ಸೋಂಕು ರಕ್ತಕ್ಕೇರಬಹುದು. ಸ್ಟೆಂಟ್ ಜಾಗ ಬಿಟ್ಟು ಸರಿದು ಕರುಳನ್ನು ತೂತು ಮಾಡುವುದೂ ಅಪರೂಪಕ್ಕೆ ಉಂಟು. ಇಆರ್‌ಸಿಪಿಯ ನಂತರ ಮೇದೋಜೀರಕ ಗ್ರಂಥಿ ಊದಿಕೊಳ್ಳದಿರಲು ಗುದದ್ವಾರದ ಮೂಲಕ 100 ಮಿ.ಗ್ರಾಂ ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ ಔಷಧ ಕೊಡುವುದು, ರಕ್ತ ಹೆಪ್ಪುಗಟ್ಟುವಿಕೆಯನ್ನು ಮೊದಲೇ ಪರೀಕ್ಷಿಸುವುದು, ಇವೆಲ್ಲ ವೈದ್ಯರ ಕೈಯಲ್ಲಿವೆ. ಆದರೆ ರೋಗಿ ಆಸ್ಪತ್ರೆಯ ಗೇಟು ದಾಟಿದ ಮೇಲಿನ ಅಪಾಯಕ್ಕೆ ಹೊಣೆ ಯಾರೂ ಇಲ್ಲ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಹಾಕುವ ಪ್ರತಿ ಸ್ಟೆಂಟ್‌ಗೂ, ಗರ್ಭಿಣಿಯರ ತಾಯಿ ಕಾರ್ಡಿನಂತೆ, ಕನ್ನಡದಲ್ಲೊಂದು ಕಾರ್ಡ್ ಕಡ್ಡಾಯವಾಗಲಿ. ಯಾವ ಬಗೆಯ ಸ್ಟೆಂಟ್, ಹಾಕಿದ್ದು ಯಾವಾಗ, ತೆಗೆಸಲು ಕೊನೆಯ ದಿನ ಯಾವುದು, ಚಳಿಜ್ವರವೋ ಕಾಮಾಲೆಯೋ ಕಂಡರೆ ಅಂದೇ ಆಸ್ಪತ್ರೆಗೆ ಬರಬೇಕೆಂಬ ಸೂಚನೆ, ಇಷ್ಟು ಅದರಲ್ಲಿರಲಿ. ಕ್ಯಾನ್ಸರ್ ರೋಗಿಗಳಿಗೆ ಹಾಕುವ ಲೋಹದ ಸ್ಟೆಂಟ್ ಹೆಚ್ಚು ಕಾಲ ಬಾಳುವುದರಿಂದ ಬಗೆಯನ್ನು ನಮೂದಿಸದೆ ದಿನಾಂಕವೊಂದನ್ನೇ ಬರೆದರೆ ಗೊಂದಲವಾದೀತು. ಆ ದಿನಕ್ಕೆ ಮುಂಚೆ ಆಸ್ಪತ್ರೆಯಿಂದ ಕರೆ ಹೋಗಲಿ, ಉತ್ತರ ಬಾರದಿದ್ದರೆ ಆಶಾ ಕಾರ್ಯಕರ್ತೆಗೆ ಹೆಸರು ತಲುಪಲಿ. ತೆಗೆಸಲು ಮತ್ತೆ ರೆಫರಲ್ ಚೀಟಿಗಾಗಿ ಅಲೆಯದಂತೆ, ಹಾಕುವಾಗಲೇ ಅದಕ್ಕೂ ಮಂಜೂರಾತಿ ಸಿಗಲಿ.

ತಂದೆಯವರಿಗೆ ಈಗ ಮತ್ತೊಂದು ಸ್ಟೆಂಟ್ ಹಾಕಿದ್ದಾರೆ. ತೆಗೆಸುವ ದಿನವನ್ನು ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ.

ಇತಿ,
ರೋಗಿಯೊಬ್ಬರ ಮಗಳು